ಬೇಟೆಗಾರನ ಕಿತ್ತಳೆ ಅಂಗಿ, ಜಿಂಕೆಯ ಕಣ್ಣು

ಅಮೆರಿಕದಲ್ಲಿ ಶರತ್ಕಾಲವೆಂದರೆ ಜಿಂಕೆ ಬೇಟೆಯ ಕಾಲ. ಆಗ ಕಾಡಿಗೆ ಹೊರಟವನ ವೇಷ ಕಂಡರೆ ಯಾರಿಗೂ ಅಚ್ಚರಿಯಾದೀತು. ಮರೆಯಲ್ಲಿ ಅಡಗಿ ಕೂರಬೇಕಾದ ಬೇಟೆಗಾರ ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಅಂಗಿ ತೊಡುವುದೆ? ಈ ಒಗಟಿನ ಹಿಂದೆ ಜೀವ ಉಳಿಸಿದ ಒಂದು ಚರಿತ್ರೆಯಿದೆ.

ಹಿಂದೆ ಅಲ್ಲಿನವರು ಬೇಟೆಗೆ ತೊಡುತ್ತಿದ್ದುದು ಕೆಂಪು ಚೌಕಳಿಯ ಉಣ್ಣೆ ಅಂಗಿ. ಜೊತೆಗಾರನ ಗುಂಡು ತಮಗೆ ತಗಲದಿರಲಿ ಎಂಬುದು ಅದರ ಉದ್ದೇಶ. ಆದರೆ ಮುಸ್ಸಂಜೆಯ ಮಬ್ಬಿನಲ್ಲಿ ಕೆಂಪು ಕಪ್ಪಾಗಿ ಕಾಣುತ್ತದೆ. ಸಾಲದ್ದಕ್ಕೆ, ಐರೋಪ್ಯ ಮೂಲದ ಗಂಡಸರಲ್ಲಿ ನೂರಕ್ಕೆ ಸುಮಾರು 8 ಮಂದಿಗೆ ಕೆಂಪು, ಹಸಿರುಗಳ ವ್ಯತ್ಯಾಸ ಸರಿಯಾಗಿ ತಿಳಿಯದು. ಪೊದೆಯಲ್ಲಿ ಅಲುಗಿದ್ದು ಜಿಂಕೆಯೆಂದು ಬಗೆದು ಹಾರಿಸಿದ ಗುಂಡು ಮನುಷ್ಯನನ್ನೇ ಕೊಂದದ್ದುಂಟು.

ಪರಿಹಾರ ಬಂದದ್ದು ಬೇರೆ ದಿಕ್ಕಿನಿಂದ. 1930ರ ದಶಕದಲ್ಲಿ ಬಾಬ್ ಮತ್ತು ಜೋ ಸ್ವಿಟ್ಜರ್ ಸಹೋದರರು ಪ್ರತಿದೀಪ್ತ ಬಣ್ಣಗಳನ್ನು ರೂಪಿಸತೊಡಗಿದರು. ಈ ಬಣ್ಣಗಳು ಕಾಣದ ನೇರಳಾತೀತ ಕಿರಣವನ್ನೂ ಹೀರಿ, ಕಾಣುವ ಬೆಳಕಾಗಿ ಹೊರಸೂಸುತ್ತವೆ. ಎರಡನೆಯ ಮಹಾಯುದ್ಧದಲ್ಲಿ ವಿಮಾನಗಳಿಗೆ ಸಂಜ್ಞೆ ಕೊಡುವ ಬಟ್ಟೆಗಳಿಗೆ ಇವು ಬಳಕೆಯಾದವು. 1960ರ ದಶಕದಿಂದ ಒಂದೊಂದೇ ರಾಜ್ಯ ಬೇಟೆಗಾರರಿಗೆ ಕಿತ್ತಳೆಯನ್ನು ಕಡ್ಡಾಯ ಮಾಡಿತು. ಸುರಕ್ಷಾ ತರಬೇತಿಯೂ ಸೇರಿ ಅಪಘಾತಗಳು ಇಳಿದವು.

ಹಾಗಾದರೆ ಜಿಂಕೆ ಎಚ್ಚೆತ್ತುಕೊಳ್ಳುವುದಿಲ್ಲವೆ? ಜಾರ್ಜಿಯಾ ವಿಶ್ವವಿದ್ಯಾಲಯದಲ್ಲಿ 1992ರಲ್ಲಿ ನಡೆದ ಪ್ರಯೋಗ ಇದಕ್ಕೆ ಉತ್ತರ ಕೊಟ್ಟಿತು. ಪ್ರಜ್ಞೆ ತಪ್ಪಿಸಿದ ಬಿಳಿಬಾಲದ ಜಿಂಕೆಗಳ ಕಣ್ಣಿಗೆ ಬೇರೆ ಬೇರೆ ಬಣ್ಣದ ಬೆಳಕು ಹಾಯಿಸಿ, ಅಕ್ಷಿಪಟಲದಲ್ಲಿ ಹುಟ್ಟುವ ವಿದ್ಯುತ್ ಸ್ಪಂದನವನ್ನು ವಿಜ್ಞಾನಿಗಳು ಅಳೆದರು. ಬಣ್ಣ ಗುರುತಿಸಲು ನಮಗೆ ಮೂರು ಬಗೆಯ ಶಂಕುಕೋಶಗಳಿದ್ದರೆ ಜಿಂಕೆಗೆ ಇರುವುದು ಎರಡೇ. ಒಂದು ನೀಲಿಗೆ, ಇನ್ನೊಂದು ಸುಮಾರು 537 ನ್ಯಾನೋಮೀಟರಿನ ಹಸಿರಿಗೆ ಹೆಚ್ಚು ಸ್ಪಂದಿಸುತ್ತದೆ. ಕೆಂಪಿಗೆಂದೇ ಪ್ರತ್ಯೇಕ ಕೋಶವಿಲ್ಲ. ಹೀಗಾಗಿ ನಮಗೆ ಉರಿಯುವಂತೆ ತೋರುವ ಕಿತ್ತಳೆ ಅದಕ್ಕೆ ಸುತ್ತಲಿನ ಎಲೆಗಳಿಂದ ಬೇರೆಯಾಗಿ ಕಾಣದು.

ಬೇಟೆಗಾರನಿಗೆ ಇದರಲ್ಲಿ ಪಾಠವೂ ಇದೆ. ಕಿತ್ತಳೆ ಅಂಗಿಗಿಂತ ನೀಲಿ ಜೀನ್ಸ್ ಅವನನ್ನು ಬೇಗ ಹಿಡಿದುಕೊಟ್ಟೀತು. ಬಣ್ಣ ಹೇಗೇ ಇರಲಿ, ಮೈಯ ವಾಸನೆ ಮತ್ತು ಚಲನೆ ಅಡಗುವುದಿಲ್ಲ.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಜಿಂಕೆ ಬೇಟೆಯನ್ನು ತಡೆದಿದೆ. ಆದರೆ ಬಂಡೀಪುರದಲ್ಲಿ ಇನ್ನೊಬ್ಬ ಬೇಟೆಗಾರ ಇದ್ದೇ ಇದ್ದಾನೆ. ಎರಡೇ ಬಗೆಯ ಶಂಕುಕೋಶಗಳಿರುವ ಕಣ್ಣಿಗೆ ಹುಲಿಯ ಕಿತ್ತಳೆ ಹಸಿರಿನಲ್ಲಿ ಕರಗಿಹೋಗುತ್ತದೆ ಎಂದು ಬ್ರಿಸ್ಟಲ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ತೋರಿಸಿದರು. ಮನುಷ್ಯ ತನ್ನವರ ಗುಂಡಿನಿಂದ ಪಾರಾಗಲು ತೊಟ್ಟ ಬಣ್ಣವನ್ನು ಹುಲಿ ಹೊಟ್ಟೆಪಾಡಿಗಾಗಿ ಎಂದೋ ಹೊದ್ದಿತ್ತು!