ಮಾನಸಿಕ ಚಿಕಿತ್ಸೆ: ಲಭ್ಯತೆ ಮತ್ತು ವೆಚ್ಚದ ಚರಿತ್ರೆ (ಕರ್ನಾಟಕ)

ಮಾನಸಿಕ ಕಾಯಿಲೆಗೆ ಚಿಕಿತ್ಸೆ ಎಲ್ಲಿ ಸಿಗುತ್ತದೆ, ಅದರ ಖರ್ಚನ್ನು ಯಾರು ಹೊರುತ್ತಾರೆ ಎಂಬ ಎರಡು ಪ್ರಶ್ನೆಗಳಿಗೆ ಕರ್ನಾಟಕದಲ್ಲಿ ಸುಮಾರು 175 ವರ್ಷಗಳ ಚರಿತ್ರೆಯಿದೆ. ಸಾಮಾನ್ಯವಾಗಿ ಇವನ್ನು ಬೇರೆ ಬೇರೆಯಾಗಿ ಬರೆಯುತ್ತಾರೆ. ಆಸ್ಪತ್ರೆಗಳ ಸ್ಥಾಪನೆ ವೈದ್ಯಚರಿತ್ರೆಯ ಪಾಲಿಗೆ ಹೋಗುತ್ತದೆ, ಶುಲ್ಕ ಮತ್ತು ವಿಮೆಯ ವಿಚಾರ ಅರ್ಥಶಾಸ್ತ್ರದ ಪಾಲಿಗೆ. ಹೀಗೆ ಬಿಡಿಸಿ ನೋಡಿದಾಗ ಮುಖ್ಯವಾದದ್ದೇ ಕಣ್ತಪ್ಪುತ್ತದೆ. ಈ ನಾಡಿನ ಬಹುಪಾಲು ಕುಟುಂಬಗಳಿಗೆ ಚಿಕಿತ್ಸೆಯನ್ನು ದುಬಾರಿ ಮಾಡಿದ್ದು ಮಾತ್ರೆಯ ಬೆಲೆಗಿಂತ ಹೆಚ್ಚಾಗಿ ದಾರಿಯ ದೂರ. ಬಸ್ ಚಾರ್ಜು, ರೋಗಿಯ ಜೊತೆ ಬಂದವರು ಕಳೆದುಕೊಂಡ ಕೂಲಿ, ಮನೆಯಲ್ಲಿ ಸದಾ ಒಬ್ಬರು ಕಾವಲಿರಬೇಕಾದ ಸ್ಥಿತಿ, ಇವೆಲ್ಲ ಸೇರಿದ ಲೆಕ್ಕವೇ ನಿಜವಾದ ವೆಚ್ಚ. ಚಿಕಿತ್ಸೆಯನ್ನು ಜನರ ಹತ್ತಿರಕ್ಕೆ ಒಯ್ದ ಪ್ರಯತ್ನಗಳು ಈ ಹೊರೆಯನ್ನು ಇಳಿಸಿದವು. ಆಸ್ಪತ್ರೆಯ ಬಿಲ್ಲನ್ನಷ್ಟೇ ಗಮನದಲ್ಲಿಟ್ಟುಕೊಂಡ ಯೋಜನೆಗಳು ಅದನ್ನು ಮುಟ್ಟಲೇ ಇಲ್ಲ.

ಬೆಂಗಳೂರಿನಲ್ಲಿ ಹುಚ್ಚಾಸ್ಪತ್ರೆ ಸ್ಥಾಪನೆಯಾದದ್ದು 1847ರಲ್ಲಿ, ಮೈಸೂರು ಸಂಸ್ಥಾನ ಬ್ರಿಟಿಷ್ ಕಮಿಷನರರ ಆಡಳಿತದಲ್ಲಿದ್ದಾಗ. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡದಲ್ಲೂ ಹೆಚ್ಚುಕಡಿಮೆ ಅದೇ ಕಾಲದಲ್ಲಿ ಇಂಥದೇ ಇನ್ನೊಂದು ಹುಟ್ಟಿತು. ಅಂದಿನ ಕಾನೂನಿಗೆ ಚಿಕಿತ್ಸೆಗಿಂತ ಬೀದಿಯ ಶಾಂತಿಯ ಚಿಂತೆ ದೊಡ್ಡದಾಗಿತ್ತು. ಪೊಲೀಸರು ಹಿಡಿದು ತಂದವರನ್ನು ಮ್ಯಾಜಿಸ್ಟ್ರೇಟರ ಆದೇಶದ ಮೇಲೆ ಒಳಗಿಡುವುದು 1858ರ ಕಾಯ್ದೆ ಮತ್ತು ಅದರ ಜಾಗಕ್ಕೆ ಬಂದ 1912ರ ಇಂಡಿಯನ್ ಲೂನಸಿ ಕಾಯ್ದೆಯ ತಿರುಳು. ಖರ್ಚಿನ ಪ್ರಶ್ನೆಯನ್ನೂ 1912ರ ಕಾಯ್ದೆ ಇದೇ ಕಣ್ಣಿನಿಂದ ನೋಡಿತು. ರೋಗಿಗೆ ಆಸ್ತಿಯಿದ್ದರೆ ಅದರಿಂದ, ಇಲ್ಲವಾದರೆ ಅವನನ್ನು ಸಾಕಲು ಕಾನೂನಿನಂತೆ ಬದ್ಧರಾದವರಿಂದ ಪಾಲನೆಯ ವೆಚ್ಚ ವಸೂಲು ಮಾಡುವ ದಾರಿಯನ್ನು ಅದು ವಿವರವಾಗಿ ಹೇಳಿತ್ತು. ಯಾರೂ ಗತಿಯಿಲ್ಲದವರ ಹೊಣೆ ಸರ್ಕಾರದ್ದು. ಸ್ವಾತಂತ್ರ್ಯ ಬಂದು ನಾಲ್ಕು ದಶಕ ಕಳೆದ ಮೇಲೆ ರೂಪುಗೊಂಡ 1987ರ ಮಾನಸಿಕ ಆರೋಗ್ಯ ಕಾಯ್ದೆಯೂ ಆಸ್ಪತ್ರೆಯೊಳಗಿನ ಪಾಲನೆಯ ವೆಚ್ಚಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿತು. ಮನೆಯಲ್ಲಿದ್ದುಕೊಂಡೇ ಚಿಕಿತ್ಸೆ ಪಡೆಯಬೇಕಾದವರ ಖರ್ಚಿನ ಬಗ್ಗೆ ಮಾತ್ರ ಅದರಲ್ಲಿ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಗೋಡೆಯೊಳಗಿದ್ದವರ ಸಂಖ್ಯೆ ಯಾವ ಕಾಲಕ್ಕೂ ಚಿಕ್ಕದು. ಉಳಿದವರೆಲ್ಲ ಮನೆಯಲ್ಲಿ, ಹೊಲದಲ್ಲಿ, ಗುಡಿಯ ಜಗಲಿಯ ಮೇಲೆ ಇದ್ದರು.

ಆ ಉಳಿದವರಿಗೆ ದೊರೆಯುತ್ತಿದ್ದ ನೆರವು ಬೇರೆ ಕಡೆಯಿಂದ ಬಂತು. ಗಾಳಿ ಸೋಕಿದೆ, ಮಾಟ ಮಾಡಿಸಿದ್ದಾರೆ ಎಂಬ ನಂಬಿಕೆಯಿಂದ ಕುಟುಂಬಗಳು ಮಂತ್ರವಾದಿಗಳ ಬಳಿಗೆ, ದರ್ಗಾಗಳಿಗೆ, ಅಫಜಲಪುರ ತಾಲ್ಲೂಕಿನ ಗಾಣಗಾಪುರದಂಥ ಕ್ಷೇತ್ರಗಳಿಗೆ ರೋಗಿಗಳನ್ನು ಕರೆದೊಯ್ದವು, ಈಗಲೂ ಒಯ್ಯುತ್ತವೆ. ಇದನ್ನು ಬರೀ ಮೌಢ್ಯವೆಂದು ತಳ್ಳಿಹಾಕಿದರೆ ಚರಿತ್ರೆ ಅರ್ಥವಾಗುವುದಿಲ್ಲ. ಅಲ್ಲಿ ರೋಗಿಯನ್ನು ಕುಟುಂಬದಿಂದ ಬೇರ್ಪಡಿಸುತ್ತಿರಲಿಲ್ಲ, ಪೊಲೀಸರ ಕಾಗದ ಕೇಳುತ್ತಿರಲಿಲ್ಲ, ಹೇಳಿದ್ದು ಜನರ ಭಾಷೆಯಲ್ಲೇ ಇರುತ್ತಿತ್ತು. ಆದರೆ ಇದು ಪುಕ್ಕಟೆಯೂ ಆಗಿರಲಿಲ್ಲ. ಹರಕೆ, ಕೋಳಿ, ಕುರಿ, ತಾಯಿತ, ಹುಣ್ಣಿಮೆ ಅಮಾವಾಸ್ಯೆಗೆ ಮತ್ತೆ ಮತ್ತೆ ಹೋಗಿಬರುವುದು ಎಂದು ವರ್ಷಗಟ್ಟಲೆ ಹಣ ಕರಗುತ್ತಿತ್ತು, ಕಾಯಿಲೆ ಬೇರು ಬಿಡುತ್ತಿತ್ತು. ಇದರ ಅತ್ಯಂತ ಕ್ರೂರ ಮುಖ ಹೊರಬಿದ್ದದ್ದು 2001ರ ಆಗಸ್ಟ್ 6ರಂದು, ತಮಿಳುನಾಡಿನ ಏರ್ವಾಡಿಯಲ್ಲಿ. ದರ್ಗಾದ ಸುತ್ತ ಬೆಳೆದಿದ್ದ ಖಾಸಗಿ ಆಶ್ರಯಗಳಲ್ಲಿ ಒಂದಕ್ಕೆ ಬೆಂಕಿ ಬಿದ್ದಾಗ ಸರಪಳಿಯಲ್ಲಿ ಕಟ್ಟಿಹಾಕಿದ್ದ ರೋಗಿಗಳು ಓಡಲಾಗದೆ ಸುಟ್ಟುಹೋದರು. ಸತ್ತವರು 28 ಮಂದಿ. ಅವರನ್ನು ಅಲ್ಲಿ ಬಿಟ್ಟುಹೋದ ಕುಟುಂಬಗಳು ಅದಕ್ಕಾಗಿ ದುಡ್ಡು ಕೊಟ್ಟಿದ್ದವು ಎಂಬುದನ್ನು ಇಲ್ಲಿ ನೆನೆಯಬೇಕು. ಖರ್ಚು ಮಾಡುವ ಮನಸ್ಸು ಜನರಿಗಿತ್ತು, ಆ ಖರ್ಚಿಗೆ ತಕ್ಕ ಚಿಕಿತ್ಸೆ ಅವರ ಕೈಗೆಟುಕುವಲ್ಲಿ ಇರಲಿಲ್ಲ.

ಬೆಂಗಳೂರಿನ ಸಂಸ್ಥೆ ಈ ನಡುವೆ ಬದಲಾಗುತ್ತ ಬಂದಿತ್ತು. 1925ರಲ್ಲಿ ಮೈಸೂರು ಸರ್ಕಾರ ಅದಕ್ಕೆ ಮಾನಸಿಕ ಆಸ್ಪತ್ರೆ ಎಂದು ಹೆಸರಿಟ್ಟಿತು. ದೇಶದ ಆರೋಗ್ಯ ವ್ಯವಸ್ಥೆಯನ್ನು ಪರಿಶೀಲಿಸಿದ ಭೋರ್ ಸಮಿತಿಯ 1946ರ ವರದಿಯ ಶಿಫಾರಸಿನಂತೆ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಇಲ್ಲಿ ಆರಂಭವಾಯಿತು, ಡಾ. ಎಂ.ವಿ. ಗೋವಿಂದಸ್ವಾಮಿ ಅದರ ನಿರ್ದೇಶಕರಾದರು. 1974ರಲ್ಲಿ ಆಸ್ಪತ್ರೆಯೂ ಸಂಸ್ಥೆಯೂ ಕೂಡಿ ನಿಮ್ಹಾನ್ಸ್ ಆಯಿತು. 1950ರ ದಶಕದಲ್ಲಿ ಕ್ಲೋರ್‌ಪ್ರೊಮಜೀನ್ ಎಂಬ ಮನೋರೋಗದ ಔಷಧ ಬಂದದ್ದು ವೆಚ್ಚದ ಲೆಕ್ಕವನ್ನೇ ಬುಡಮೇಲು ಮಾಡಿತು. ಬದುಕಿಡೀ ಒಳಗಿರಬೇಕಿದ್ದ ರೋಗಿ ಮಾತ್ರೆ ನುಂಗಿಕೊಂಡು ಮನೆಯಲ್ಲೇ ಇರಬಹುದಾಯಿತು. ಅದೇ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಆವರಣದಲ್ಲಿ ಡೇರೆ ಹಾಕಿಸಿ ರೋಗಿಗಳ ಜೊತೆಗೆ ಮನೆಯವರನ್ನೂ ಉಳಿಸಿಕೊಂಡರು. ಕುಟುಂಬ ಜೊತೆಗಿದ್ದು ಆರೈಕೆ ಮಾಡುವ ಈ ಪದ್ಧತಿ ವೆಲ್ಲೂರಿಗೂ ನಿಮ್ಹಾನ್ಸಿಗೂ ಬಂದು ಭಾರತದ ಮನೋವೈದ್ಯದ ವೈಶಿಷ್ಟ್ಯವೇ ಆಯಿತು. ಮನುಷ್ಯತ್ವದ ದೃಷ್ಟಿಯಿಂದ ಇದೊಂದು ದೊಡ್ಡ ಹೆಜ್ಜೆ. ಆದರೆ ಹಣದ ಲೆಕ್ಕದಲ್ಲಿ, ದಾದಿ ಮಾಡಬೇಕಾದ ಕೆಲಸದ ಒಂದು ಭಾಗ ಸಂಬಳವಿಲ್ಲದೆ ತಾಯಿಯ, ಹೆಂಡತಿಯ, ಅಕ್ಕನ ಹೆಗಲಿಗೆ ಬಿತ್ತು. ಸಂಡೂರಿನ ಕಡೆಯ ಕೂಲಿಯ ಹೆಣ್ಣುಮಗಳೊಬ್ಬಳು ಮಗನನ್ನು ಬೆಂಗಳೂರಿಗೆ ಕರೆತರಬೇಕೆಂದರೆ ರಾತ್ರಿ ಬಸ್ಸು ಹತ್ತಬೇಕು, ಬೆಳಿಗ್ಗೆ ಚೀಟಿ ಮಾಡಿಸುವ ಸಾಲಿನಲ್ಲಿ ನಿಲ್ಲಬೇಕು, ಸಂಜೆಯ ಹೊತ್ತಿಗೆ ಔಷಧ ಸಿಕ್ಕರೆ ಮತ್ತೆ ರಾತ್ರಿ ಬಸ್ಸು. ವೈದ್ಯರು ನಯಾಪೈಸೆ ತೆಗೆದುಕೊಳ್ಳದಿದ್ದರೂ ಅವಳಿಗೆ ಪ್ರಯಾಣದ ಖರ್ಚೂ ಎರಡು ದಿನದ ಕೂಲಿಯೂ ಹೋಗುತ್ತದೆ. ಮುಂದಿನ ತಿಂಗಳು ಮತ್ತೆ ಬರಬೇಕು.

ಈ ಲೆಕ್ಕವನ್ನು ಮೊದಲು ಗಂಭೀರವಾಗಿ ತೆಗೆದುಕೊಂಡವರು ನಿಮ್ಹಾನ್ಸಿನ ಸಮುದಾಯ ಮನೋವೈದ್ಯ ವಿಭಾಗದವರು. 1970ರ ದಶಕದಲ್ಲಿ ಡಾ. ಆರ್.ಎಲ್. ಕಪೂರ್ ಮತ್ತು ಸಂಗಡಿಗರು ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಗ್ರಾಮೀಣ ಕೇಂದ್ರವನ್ನಿಟ್ಟುಕೊಂಡು ಒಂದು ಪ್ರಶ್ನೆಯನ್ನು ಪರೀಕ್ಷಿಸಿದರು: ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಅಲ್ಪಾವಧಿಯ ತರಬೇತಿ ಕೊಟ್ಟರೆ ತೀವ್ರ ಮಾನಸಿಕ ಕಾಯಿಲೆ ಮತ್ತು ಮೂರ್ಛೆರೋಗವನ್ನು ಅವರೇ ನಿಭಾಯಿಸಬಲ್ಲರೇ? ಚಂಡೀಗಢದ ಬಳಿಯ ರಾಯಪುರ ರಾಣಿಯಲ್ಲೂ ಇಂಥ ಪ್ರಯೋಗ ನಡೆದಿತ್ತು. 1982ರಲ್ಲಿ ಭಾರತ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಅಂಗೀಕರಿಸಿತು. ಕಾರ್ಯಕ್ರಮವೇನೋ ಬಂತು, ಒಂದು ಇಡೀ ಜಿಲ್ಲೆಯಲ್ಲಿ ಅದು ನಡೆಯುತ್ತದೆಂದು ತೋರಿಸಿದ್ದು ಬಳ್ಳಾರಿ. 1985ರಿಂದ 1990ರವರೆಗೆ ಅಲ್ಲಿ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ, ಕೆಲವೇ ಬಗೆಯ ಅಗತ್ಯ ಮಾತ್ರೆಗಳ ಪೂರೈಕೆ, ಸರಳವಾದ ದಾಖಲೆ, ಜಿಲ್ಲಾ ಮಟ್ಟದಲ್ಲಿ ಒಬ್ಬ ಮನೋವೈದ್ಯರ ಉಸ್ತುವಾರಿ ಇಷ್ಟನ್ನೇ ಇಟ್ಟುಕೊಂಡು ಸೇವೆ ಕಟ್ಟಲಾಯಿತು. ಡಾ. ಆರ್. ಶ್ರೀನಿವಾಸಮೂರ್ತಿ, ಡಾ. ಮೋಹನ್ ಐಸಾಕ್, ಡಾ. ಸಿ.ಆರ್. ಚಂದ್ರಶೇಖರ್ ಮುಂತಾದವರ ದುಡಿಮೆ ಇದರ ಹಿಂದಿತ್ತು. ಇವರಲ್ಲಿ ಚಂದ್ರಶೇಖರರು ಕನ್ನಡದಲ್ಲಿ ನೂರಕ್ಕೂ ಹೆಚ್ಚು ಪುಸ್ತಕ ಬರೆದು ಇನ್ನೊಂದು ದೂರವನ್ನೂ ಕಡಿಮೆ ಮಾಡಿದರು. ತನಗಿರುವುದು ಕಾಯಿಲೆ, ಅದಕ್ಕೆ ಮದ್ದಿದೆ ಎಂದು ತಿಳಿಯದವನು ಆಸ್ಪತ್ರೆ ಪಕ್ಕದ ಬೀದಿಯಲ್ಲಿದ್ದರೂ ಹೋಗಲಾರ. ಬಳ್ಳಾರಿ ಮಾದರಿಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶಕ್ಕೆ ಹರಡತೊಡಗಿತು.

ದೂರ ಕಡಿಮೆಯಾದರೆ ವೆಚ್ಚ ಇಳಿಯುತ್ತದೆ ಎನ್ನುವುದಕ್ಕೆ ಸಾಕ್ಷ್ಯವೂ ಕರ್ನಾಟಕದ ಹಳ್ಳಿಗಳಿಂದಲೇ ಬಂದಿದೆ. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಅದುವರೆಗೆ ಚಿಕಿತ್ಸೆಯೇ ಸಿಗದ 100 ಸ್ಕಿಜೋಫ್ರೀನಿಯಾ ರೋಗಿಗಳನ್ನು ಗ್ರಾಮೀಣ ಕರ್ನಾಟಕದಲ್ಲಿ ಗುರುತಿಸಿ, ಅವರಿದ್ದಲ್ಲಿಗೇ ಚಿಕಿತ್ಸೆ ಒದಗಿಸಿ ಒಂದೂವರೆ ವರ್ಷ ಗಮನಿಸಿತು. ರೋಗಲಕ್ಷಣ, ಅಸಾಮರ್ಥ್ಯ, ಕುಟುಂಬದ ಹೊರೆ ಮೂರೂ ಇಳಿದವು. ಔಷಧಕ್ಕೂ ವೈದ್ಯರಿಗೂ ಹೆಚ್ಚಿದ ಖರ್ಚನ್ನು ಅನೌಪಚಾರಿಕ ಚಿಕಿತ್ಸೆಗೆ ಹೋಗುತ್ತಿದ್ದ ಹಣದ ಮತ್ತು ಮನೆಯವರು ಕಾವಲಿಗೆ ಕೊಡುತ್ತಿದ್ದ ಹೊತ್ತಿನ ಉಳಿತಾಯ ಸರಿದೂಗಿಸಿತು. ಅದೇ ವರ್ಷ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಆರಂಭವಾಗಿ ಮುಂದೆ ತುರುವೇಕೆರೆ, ಜಗಳೂರಿಗೂ ವಿಸ್ತರಿಸಿದ, ರೋಗಿಗಳಿಗೆ ಊರಿನ ಹತ್ತಿರವೇ ಚಿಕಿತ್ಸೆ ಒದಗಿಸುವ ಕೆಲಸವೂ ಇದೇ ದಿಕ್ಕಿನದು. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 12 ರಾಜ್ಯಗಳಲ್ಲಿ ವಯಸ್ಕರ ಪೈಕಿ ಶೇ. 10.6ರಷ್ಟು ಜನರಿಗೆ ಆ ಹೊತ್ತಿನಲ್ಲಿ ಮಾನಸಿಕ ತೊಂದರೆ ಇರುವುದನ್ನು ಕಂಡಿತು. ಬಹುತೇಕ ಕಾಯಿಲೆಗಳಲ್ಲಿ ಶೇ. 70ಕ್ಕೂ ಹೆಚ್ಚು ರೋಗಿಗಳು ಚಿಕಿತ್ಸೆಯಿಂದ ಹೊರಗುಳಿದಿದ್ದರು. ಚಿಕಿತ್ಸೆಗೂ ಅದಕ್ಕಾಗಿ ಓಡಾಡುವುದಕ್ಕೂ ಕುಟುಂಬಗಳು ತಿಂಗಳಿಗೆ 1,000ದಿಂದ 1,500 ರೂಪಾಯಿ ತೆರುತ್ತಿದ್ದವು. ಓಡಾಟ ಈ ಲೆಕ್ಕದಲ್ಲಿ ಚಿಕಿತ್ಸೆಯ ಪಕ್ಕದಲ್ಲೇ ನಿಂತಿರುವುದು ಗಮನಾರ್ಹ. ಕೋಲಾರದಲ್ಲಿ ಪೂರ್ವಭಾವಿ ಅಧ್ಯಯನ ನಡೆದರೂ ಆ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ.

ವಿಮೆಯ ಚರಿತ್ರೆ ಇದಕ್ಕೆ ಹೋಲಿಸಿದರೆ ಚಿಕ್ಕದು. ಸಹಕಾರ ಸಂಘಗಳ ರೈತರಿಗಾಗಿ 2003ರಲ್ಲಿ ಬಂದ ಯಶಸ್ವಿನಿ ಯೋಜನೆ ಶಸ್ತ್ರಚಿಕಿತ್ಸೆಗಳ ಪಟ್ಟಿಯ ಮೇಲೆ ನಿಂತದ್ದು. ಲಕ್ಷಾಂತರ ರೈತರಿಗೆ ನೆರವಾದ ಆ ಯೋಜನೆಯಲ್ಲಿ, ಕತ್ತರಿ ತಾಗದ ಕಾಯಿಲೆಗೆ ಜಾಗವಿರಲಿಲ್ಲ. ಖಾಸಗಿ ಪಾಲಿಸಿಗಳು ಮಾನಸಿಕ ಕಾಯಿಲೆಯನ್ನು ದಶಕಗಳ ಕಾಲ ಹೊರಗಿಟ್ಟವು. ಇದನ್ನು ಮುರಿದದ್ದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ. ದೈಹಿಕ ಕಾಯಿಲೆಗೆ ಇರುವ ತಳಹದಿಯ ಮೇಲೆಯೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕೆಂದು ಅದರ 21ನೇ ಸೆಕ್ಷನ್ ವಿಧಿಸಿತು. ಕಾಯ್ದೆ 2018ರ ಮೇ ತಿಂಗಳಲ್ಲಿ ಜಾರಿಗೆ ಬಂತು, ಆಗಸ್ಟಿನಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಸುತ್ತೋಲೆ ಹೊರಡಿಸಿತು. ಆದರೂ ಹಳೆಯ ಷರತ್ತನ್ನೇ ಮುಂದಿಟ್ಟು ಕ್ಲೇಮು ನಿರಾಕರಿಸಿದ ಪ್ರಕರಣವೊಂದು ದೆಹಲಿ ಹೈಕೋರ್ಟ್ ಮೆಟ್ಟಿಲೇರಿ, 2021ರಲ್ಲಿ ರೋಗಿಯ ಪರ ತೀರ್ಪು ಬರಬೇಕಾಯಿತು. 2022ರ ಅಕ್ಟೋಬರಿನಲ್ಲಿ ಪ್ರಾಧಿಕಾರ ಮತ್ತೊಮ್ಮೆ ಗಡುವು ಕೊಟ್ಟು ಎಚ್ಚರಿಸಿತು. ಇಷ್ಟಾದರೂ ವಿಮೆ ಸಾಮಾನ್ಯವಾಗಿ ಆಸ್ಪತ್ರೆಗೆ ದಾಖಲಾದವರ ಬಿಲ್ಲಿಗೆ ಮಾತ್ರ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ವಾರ್ಷಿಕ 5 ಲಕ್ಷ ರೂಪಾಯಿಯ ರಕ್ಷಣೆಯೂ ಮುಖ್ಯವಾಗಿ ಒಳರೋಗಿಗಳದ್ದು. ಖಿನ್ನತೆಯಿಂದ ನರಳುವವರಲ್ಲಿ ಹೆಚ್ಚಿನವರು ಒಂದು ದಿನವೂ ದಾಖಲಾಗದೆ ತಿಂಗಳುಗಟ್ಟಲೆ ಮಾತ್ರೆ, ಆಪ್ತಸಮಾಲೋಚನೆಗಳಲ್ಲಿ ಗುಣವಾಗುವವರು. ಅವರ ಜೇಬಿಗೆ ಈ ವಿಮೆಯಿಂದ ಬರುವುದೇನೂ ಇಲ್ಲ. ಸಕ್ಕರೆ ಕಾಯಿಲೆಯವರಿಗೂ ಹೊರರೋಗಿ ವೆಚ್ಚ ಸಿಗುವುದಿಲ್ಲವಲ್ಲ, ಹಾಗಾದರೆ ಇದರಲ್ಲಿ ತಾರತಮ್ಯವೆಲ್ಲಿ ಎಂದು ವಿಮಾ ಕ್ಷೇತ್ರದವರು ಕೇಳಬಹುದು. ಕಾನೂನಿನ ಅಕ್ಷರಕ್ಕೆ ಅದು ಸರಿಯಾದ ಮಾತು. ಆದರೆ ಸಕ್ಕರೆ ಕಾಯಿಲೆಯ ರೋಗಿಗೆ ಪರೀಕ್ಷೆಯೂ ಮಾತ್ರೆಯೂ ಊರಿನ ಆರೋಗ್ಯ ಕೇಂದ್ರದಲ್ಲೇ ಸಿಗುತ್ತವೆ. ಮಾನಸಿಕ ರೋಗಿಗೆ ಎಷ್ಟೋ ಕಡೆ ಅವು ಜಿಲ್ಲಾ ಕೇಂದ್ರದಲ್ಲಿವೆ. ಕಾಯಿಲೆಗಳ ಹೊರೆ ಬೇರೆ ಬೇರೆಯಾಗಿರುವಾಗ ಷರತ್ತು ಒಂದೇ ಆದರೆ ಸಾಲದು.

ದೂರವೇ ದೊಡ್ಡ ವೆಚ್ಚ ಎಂಬ ಈ ವಾದಕ್ಕೆ ನಗರದ ಕಡೆಯಿಂದ ಬರುವ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಬೆಂಗಳೂರಿನಲ್ಲಿ ಮನೋವೈದ್ಯರಿಗೆ ಬರವಿಲ್ಲ. ಆದರೆ ಖಾಸಗಿ ಸಮಾಲೋಚನೆಯ ಒಂದು ಭೇಟಿಗೆ ಸಾವಿರ ರೂಪಾಯಿ ದಾಟುವುದು ಸಾಮಾನ್ಯ, ವಾರಕ್ಕೊಮ್ಮೆ ಹೋಗಬೇಕಾದ ಉದ್ಯೋಗಸ್ಥ ಯುವತಿಗೆ ಶುಲ್ಕವೇ ಅಡ್ಡಿ. ಹೀಗಿರುವಾಗ ದೂರವೇ ಮುಖ್ಯ ಎನ್ನುವುದು ಹೇಗೆ? ಶುಲ್ಕ ಅಡ್ಡಿಯೆಂಬುದು ನಿಜ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಆ ಶುಲ್ಕ ಏರಿದ್ದಕ್ಕೆ ಒಂದು ಕಾರಣ ಒಟ್ಟಾರೆ ಲೆಕ್ಕದಲ್ಲಿ ತರಬೇತಾದವರ ಕೊರತೆ, ಇರುವವರೂ ದೊಡ್ಡ ಊರುಗಳಲ್ಲೇ ನೆಲೆಸಿದ್ದಾರೆ. ಅದೇ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಲಕ್ಷ ಜನರಿಗೆ ಇದ್ದ ಮನೋವೈದ್ಯರ ಪ್ರಮಾಣ ಮಧ್ಯಪ್ರದೇಶದಲ್ಲಿ 0.05, ಎಲ್ಲರಿಗಿಂತ ಮುಂದಿದ್ದ ಕೇರಳದಲ್ಲಿ 1.2. ಸರ್ಕಾರಿ ವ್ಯವಸ್ಥೆಯಲ್ಲಿ ಮನಃಶಾಸ್ತ್ರಜ್ಞರು ತಾಲ್ಲೂಕಿನಲ್ಲೂ ನಗರದ ಬಡಾವಣೆಯಲ್ಲೂ ದೊರೆಯುವವರೆಗೆ, ಕೊಡಲಾಗುವವರು ಖಾಸಗಿಗೆ ಹೋಗುತ್ತಾರೆ, ಕೊಡಲಾಗದವರು ಸುಮ್ಮನಾಗುತ್ತಾರೆ. ಜಿಲ್ಲಾ ಕಾರ್ಯಕ್ರಮವೇ ಕುಂಟುತ್ತಿದೆ, ತರಬೇತಾದ ವೈದ್ಯರಿಗೆ ವರ್ಗವಾಗುತ್ತದೆ, ಮಾತ್ರೆ ಮುಗಿದಿರುತ್ತದೆ ಎಂಬ ದೂರೂ ಹಳೆಯದು ಮತ್ತು ನ್ಯಾಯವಾದದ್ದು. ಅದು ಹತ್ತಿರದ ಸೇವೆಯನ್ನು ನಡೆಸುವ ರೀತಿಯ ದೋಷ. ಆ ದೋಷದ ಬೆಲೆಯನ್ನೂ ಮತ್ತೆ ಬಸ್ಸು ಹತ್ತಿ ತೆರುವವರು ಅದೇ ಕುಟುಂಬಗಳು.

ಕರ್ನಾಟಕದಲ್ಲಿ 2014ರಲ್ಲಿ ಮನೋಚೈತನ್ಯ ಕಾರ್ಯಕ್ರಮ ಶುರುವಾಗಿ, ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬಂದು ರೋಗಿಗಳನ್ನು ನೋಡುವ ಏರ್ಪಾಡಾಯಿತು. ವಾರದ ದಿನ ಗೊತ್ತಿರುವುದು ಸಣ್ಣ ಸಂಗತಿಯಂತೆ ಕಾಣುತ್ತದೆ, ಆದರೆ ಕೂಲಿಯವರು ಒಂದು ದಿನವನ್ನು ಮುಂಚೆಯೇ ಹೊಂದಿಸಿಕೊಳ್ಳಬಹುದು, ಹೋಗಿ ಬರಿಗೈಯಲ್ಲಿ ಮರಳುವ ಭಯ ಕಡಿಮೆ. 2020ರ ದೂರವೈದ್ಯ ಮಾರ್ಗಸೂಚಿಗಳು ಫೋನು, ವಿಡಿಯೊ ಮೂಲಕ ಔಷಧ ಬರೆದುಕೊಡುವುದಕ್ಕೆ ಸ್ಪಷ್ಟ ನಿಯಮ ಕೊಟ್ಟವು. 2022ರ ಅಕ್ಟೋಬರ್ 10ರಂದು ಫೋನಿನಲ್ಲೇ ಮಾನಸಿಕ ಆರೋಗ್ಯದ ನೆರವು ಕೊಡುವ ಟೆಲಿ ಮಾನಸ್ ಸೇವೆ ಆರಂಭವಾಯಿತು, ಅದರ ಶಿಖರ ಕೇಂದ್ರ ನಿಮ್ಹಾನ್ಸ್. ಹಕ್ಕಿನ ವಿಚಾರದಲ್ಲಿ 2017ರ ಕಾಯ್ದೆಯ 18ನೇ ಸೆಕ್ಷನ್ ಎಲ್ಲಕ್ಕಿಂತ ಮುಂದಿದೆ. ಬಡತನದ ರೇಖೆಗಿಂತ ಕೆಳಗಿನವರಿಗೆ, ಕಾರ್ಡು ಇರಲಿ ಇಲ್ಲದಿರಲಿ, ಸರ್ಕಾರಿ ಸಂಸ್ಥೆಗಳಲ್ಲಿ ಚಿಕಿತ್ಸೆ ಉಚಿತ, ನಿರ್ಗತಿಕರಿಗೂ ಹಾಗೆಯೇ. ಜಿಲ್ಲೆಯ ಸರ್ಕಾರಿ ವ್ಯವಸ್ಥೆಯಲ್ಲಿ ಕನಿಷ್ಠ ಸೇವೆ ಇಲ್ಲವಾದರೆ ಅದೇ ಜಿಲ್ಲೆಯ ಬೇರೆ ಸಂಸ್ಥೆಯಲ್ಲಿ ಪಡೆದ ಚಿಕಿತ್ಸೆಯ ವೆಚ್ಚವನ್ನು ಸರ್ಕಾರ ಭರಿಸಬೇಕು. ದೂರವನ್ನೇ ವೆಚ್ಚವೆಂದು ಕಾನೂನು ಇಲ್ಲಿ ಒಪ್ಪಿಕೊಂಡಂತಾಯಿತು, ಈ ಹಕ್ಕನ್ನು ಕೇಳಿ ಪಡೆಯುವವರು ಹೆಚ್ಚಬೇಕು. ಚಿಕಿತ್ಸೆ ಹುಡುಕುತ್ತಿರುವವರು ಮೊದಲು ತಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಬರುವ ದಿನವನ್ನು ವಿಚಾರಿಸಲಿ. ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲುರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.