ಮೊದಲ ಸಾವಿರ ಗಂಟೆಯ ಖರ್ಚು ಯಾರದು?

ಮದುವೆ ಆಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆ ಆಗದು ಅನ್ನೋ ಗಾದೆ ಇದೆಯಲ್ಲ, ಕಾಲೇಜು ಮುಗಿಸಿ ಕೆಲಸ ಹುಡುಕಿದವರಿಗೆಲ್ಲ ಅದರ ಅರ್ಥ ಚೆನ್ನಾಗಿ ಆಗಿರುತ್ತದೆ. ಅನುಭವ ಇಲ್ಲದೆ ಕೆಲಸ ಕೊಡುವುದಿಲ್ಲ, ಕೆಲಸ ಮಾಡದೆ ಅನುಭವ ಬರುವುದಿಲ್ಲ. ಆದರೂ ನಮ್ಮ ಸಾಫ್ಟ್‌ವೇರ್ ಮಂದಿ ಒಂದು ಲೆಕ್ಕದಲ್ಲಿ ಪುಣ್ಯವಂತರು. ಫ್ರೆಷರ್‌ಗಳನ್ನು ಗುಂಪಾಗಿ ತೆಗೆದುಕೊಂಡು, ಸಂಬಳ ಕೊಟ್ಟೇ ಪಾಠ ಹೇಳಿ, ಆಮೇಲೆ ಯಾರಾದರೂ ಸೀನಿಯರ್ ಪಕ್ಕದಲ್ಲಿ ಕೂರಿಸುತ್ತಾರೆ. ಬರೆದ ಕೋಡ್ ತಪ್ಪಾದರೆ ಬೈಸಿಕೊಂಡು ತಿದ್ದಿದರಾಯಿತು.

ಅಮೆರಿಕದ ಹೆಲಿಕಾಪ್ಟರ್ ಪೈಲಟ್‌ಗಳ ವಿಷಯ ಓದುತ್ತಾ ಹೋದಂತೆ ಈ ಗಾದೆ ಮತ್ತೆ ಮತ್ತೆ ನೆನಪಾಯಿತು. ಅವರ ಹುಚ್ಚಿಗೆ ಒಂದು ಸಂಖ್ಯೆ ಇದೆ: 1,000.

ಅಲ್ಲಿನ ಕಾನೂನಿನಂತೆ 150 ಗಂಟೆ ಹಾರಾಟ ಮುಗಿಸಿ ಪರೀಕ್ಷೆ ಪಾಸಾದರೆ ಕಮರ್ಷಿಯಲ್ ಲೈಸೆನ್ಸ್ ಸಿಗುತ್ತದೆ. ಅಂದರೆ ಸಂಬಳಕ್ಕೆ ಹಾರಬಹುದು ಅಂತ ಸರ್ಕಾರವೇ ಬರೆದುಕೊಟ್ಟ ಹಾಗೆ. ಆದರೆ ಬಾಡಿಗೆಗೆ ಜನರನ್ನು ಹೊತ್ತೊಯ್ಯುವ ಕಂಪನಿಗಳಿಗೆ 'ಪಾರ್ಟ್ 135' ಅಂತ ಬೇರೆ ನಿಯಮ ಇದೆ. ಅದು ನೆಲ ಕಾಣುವಂಥ ಹವಾಮಾನದಲ್ಲಿ ಹಾರಿಸಲೂ 500 ಗಂಟೆ ಕೇಳುತ್ತದೆ, ಮೋಡದೊಳಗೆ ಉಪಕರಣಗಳನ್ನೇ ನಂಬಿ ಹಾರಲು 1,200. ಇನ್ನು ವಿಮೆ ಕಂಪನಿಗಳು ಕಾನೂನಿಗಿಂತ ಬಿಗಿ. ಹೀಗೆಲ್ಲ ಸೇರಿ ಪ್ರವಾಸಿಗರನ್ನು ಸುತ್ತಾಡಿಸುವ ಮೊದಲ ಮೆಟ್ಟಿಲ ಕೆಲಸಕ್ಕೂ ಸಾಮಾನ್ಯವಾಗಿ ಸಾವಿರ ಗಂಟೆ ಬೇಕು ಅನ್ನುವುದು ಅಲ್ಲಿನ ರೂಢಿಯಾಯಿತು. 150ರಿಂದ 1,000ದವರೆಗಿನ ಗಂಟೆಗಳನ್ನು ಎಲ್ಲಿಂದ ತರಬೇಕು? ಅದನ್ನು ಯಾವ ನಿಯಮವೂ ಹೇಳುವುದಿಲ್ಲ.

ದೊಡ್ಡ ವಿಮಾನಗಳಲ್ಲಿ ಈ ಸಮಸ್ಯೆಗೆ ಒಂದು ಉತ್ತರ ಇದೆ, ಎರಡನೇ ಸೀಟು. ಕ್ಯಾಪ್ಟನ್ ಪಕ್ಕದಲ್ಲಿ ಕೂತು, ಸಂಬಳ ತೆಗೆದುಕೊಳ್ಳುತ್ತಲೇ ಅನುಭವ ಗಳಿಸಬಹುದು. ಸಣ್ಣ ಹೆಲಿಕಾಪ್ಟರಿನಲ್ಲಿ ಇರುವುದು ಒಬ್ಬನೇ ಪೈಲಟ್. ಪಕ್ಕದ ಸೀಟು ಟಿಕೆಟ್ ಕೊಂಡವರದು. ಅಲ್ಲಿ ಕಲಿಯುವ ಹುಡುಗನನ್ನು ಕೂರಿಸಿದರೆ ಒಂದು ಟಿಕೆಟ್ ನಷ್ಟ, ಅವನ ತೂಕದಷ್ಟು ಇಂಧನವೂ ಕಡಿಮೆ. ಈ ಇಡೀ ಕಥೆಯ ಬೇರು ಇಲ್ಲೇ ಇದೆ ಅಂತ ನನಗನ್ನಿಸುತ್ತದೆ.

ಹಾಗಾದರೆ ಮೊದಲಿಗೆ ಪೈಲಟ್‌ಗಳು ಎಲ್ಲಿಂದ ಬಂದರು?

ಬೆಲ್ 47 ಹೆಲಿಕಾಪ್ಟರಿಗೆ ನಾಗರಿಕ ಬಳಕೆಯ ಪ್ರಮಾಣಪತ್ರ ಸಿಕ್ಕಿದ್ದು 1946ರ ಮಾರ್ಚ್ 8ರಂದು. ಮೂರೇ ವರ್ಷಕ್ಕೆ, 1949ರಲ್ಲಿ, ಲೂಸಿಯಾನಾದಲ್ಲಿ 'ಪೆಟ್ರೋಲಿಯಂ ಹೆಲಿಕಾಪ್ಟರ್ಸ್' ಕಂಪನಿ ಹುಟ್ಟಿಕೊಂಡಿತು. ಜವುಗು ಭೂಮಿಯಲ್ಲೂ ಮೆಕ್ಸಿಕೋ ಕೊಲ್ಲಿಯಲ್ಲೂ ಎಣ್ಣೆ ಹುಡುಕುವವರನ್ನು ಹೊತ್ತು ತಿರುಗುವುದು ಅದರ ಕೆಲಸ. ಆದರೆ ಪೈಲಟ್‌ಗಳನ್ನು ಸಾವಿರಗಟ್ಟಲೆ ತಯಾರು ಮಾಡಿದ್ದು ಯಾವ ಕಂಪನಿಯೂ ಅಲ್ಲ, ವಿಯೆಟ್ನಾಂ ಯುದ್ಧ.

ಟೆಕ್ಸಸ್‌ನ ಫೋರ್ಟ್ ವೋಲ್ಟರ್ಸ್‌ನಲ್ಲಿ ಅಮೆರಿಕದ ಸೇನೆಯ ಪ್ರಾಥಮಿಕ ಹೆಲಿಕಾಪ್ಟರ್ ಶಾಲೆ ಇತ್ತು. 1956ರಿಂದ 1973ರವರೆಗೆ ಅಲ್ಲಿಂದ ಹೊರಬಿದ್ದವರು ಸುಮಾರು 40,000 ಮಂದಿ. ಹೈಸ್ಕೂಲು ಮುಗಿಸಿದ ಹತ್ತೊಂಬತ್ತು ಇಪ್ಪತ್ತರ ಹುಡುಗರನ್ನೂ ವಾರಂಟ್ ಆಫೀಸರ್ ದರ್ಜೆಗೆ ಸೇರಿಸಿಕೊಳ್ಳುತ್ತಿದ್ದರು. ಅಲ್ಲಿ ಸಣ್ಣ ಯಂತ್ರಗಳಲ್ಲಿ ಕಲಿತು, ಮುಂದಿನ ಪಾಠಕ್ಕೆ ಬಹುಪಾಲು ಮಂದಿ ಅಲಬಾಮಾದ ಫೋರ್ಟ್ ರಕರ್‌ಗೆ ಹೋಗಿ, ಒಟ್ಟು ಇನ್ನೂರು ಚಿಲ್ಲರೆ ಗಂಟೆಗಳ ಅನುಭವದೊಂದಿಗೆ ನೇರ ಯುದ್ಧಭೂಮಿಗೆ.

ಇವತ್ತಿನ ಲೆಕ್ಕದಲ್ಲಿ ಅವರು ಗ್ರ್ಯಾಂಡ್ ಕ್ಯಾನ್ಯನ್ ತೋರಿಸಲೂ ಲಾಯಕ್ಕಿಲ್ಲದವರು! ಆದರೆ ಅವರು ಹಾರಿಸುತ್ತಿದ್ದ 'ಹ್ಯೂಯಿ'ಯಲ್ಲಿ ಇಬ್ಬರು ಪೈಲಟ್‌ಗಳು ಇರುತ್ತಿದ್ದರು. ಹೊಸಬನಿಗೆ 'ಪೀಟರ್ ಪೈಲಟ್' ಅಂತ ಅಡ್ಡಹೆಸರು. ಪಕ್ಕದಲ್ಲಿ ಕೂತ ಹಳಬ 'ಏರ್‌ಕ್ರಾಫ್ಟ್ ಕಮಾಂಡರ್'. ಅವನಿಗೂ ಇಪ್ಪತ್ತೆರಡು ಇಪ್ಪತ್ಮೂರೇ ವಯಸ್ಸು ಇರಬಹುದು, ಆದರೆ ಅವನು ಆಗಲೇ ಆರು ತಿಂಗಳು ಅಲ್ಲಿ ಹಾರಿದವನು. ಹೊಸಬ ಇವನ ಕೈಕೆಳಗೆ ಪಳಗಿ, ಮುಂದೆ ತಾನೇ ಕಮಾಂಡರ್ ಆಗುತ್ತಿದ್ದ. ಒಂದು ವರ್ಷದ ಸರದಿ ಮುಗಿಸಿ ಊರಿಗೆ ಮರಳುವಷ್ಟರಲ್ಲಿ ಎಷ್ಟೋ ಜನರ ಲಾಗ್‌ಬುಕ್‌ನಲ್ಲಿ ಸಾವಿರ ಗಂಟೆ ಸೇರಿರುತ್ತಿತ್ತು, ಅದೂ ಟರ್ಬೈನ್ ಎಂಜಿನ್ನಿನ ಯಂತ್ರದಲ್ಲಿ. ಮರಳಿದವರ ಮಾತು ಇದು. ಆ ಯುದ್ಧದಲ್ಲಿ ಸತ್ತ ಹೆಲಿಕಾಪ್ಟರ್ ಪೈಲಟ್‌ಗಳ ಸಂಖ್ಯೆ ಎರಡು ಸಾವಿರ ದಾಟುತ್ತದೆ.

ಮರಳಿದವರನ್ನೇ ನಂಬಿ ಅಮೆರಿಕದ ನಾಗರಿಕ ಹೆಲಿಕಾಪ್ಟರ್ ಉದ್ಯಮ ಬೆಳೆಯಿತು. ಕೊಲ್ಲಿಯ ಎಣ್ಣೆ ಬಾವಿಗಳು, ಟಿವಿ ಸುದ್ದಿ, ಪೊಲೀಸ್, ಕಾಡಿನ ಬೆಂಕಿ ಆರಿಸುವುದು, 1972ರಲ್ಲಿ ಡೆನ್ವರ್‌ನ ಆಸ್ಪತ್ರೆಯೊಂದು ಶುರುಮಾಡಿದ ಮೇಲೆ ಆಂಬುಲೆನ್ಸ್ ಕೆಲಸ, ಎಲ್ಲ ಕಡೆ ಅವರೇ. ಸರ್ಕಾರದ ಖರ್ಚಿನಲ್ಲಿ ಪಳಗಿದ ಜನ ಬಾಗಿಲಲ್ಲೇ ಸಾಲುಗಟ್ಟಿ ನಿಂತಿರುವಾಗ ಹೊಸಬರಿಗೆ ಕಲಿಸುವ ಏರ್ಪಾಡು ಯಾರಿಗೆ ಬೇಕಿತ್ತು? ಎರಡು ಮೂರು ದಶಕ ಕಂಪನಿಗಳು ಆ ಬಗ್ಗೆ ಯೋಚಿಸಲೇ ಇಲ್ಲ. (ನಮ್ಮಲ್ಲೂ ಇದರ ನೆರಳು ಇದೆ. 1985ರಲ್ಲಿ ಶುರುವಾದ ಪವನ್ ಹಂಸ್‌ನಿಂದ ಹಿಡಿದು ನಮ್ಮ ನಾಗರಿಕ ಹೆಲಿಕಾಪ್ಟರ್ ಪೈಲಟ್‌ಗಳಲ್ಲಿ ಬಹಳಷ್ಟು ಜನ ಸೇನೆಯಿಂದ ಬಂದವರೇ.)

ಈ ನಡುವೆ ಕ್ಯಾಲಿಫೋರ್ನಿಯಾದಲ್ಲಿ ಫ್ರಾಂಕ್ ರಾಬಿನ್ಸನ್ ಎಂಬ ಎಂಜಿನಿಯರ್, ಅಗ್ಗದ ಪುಟ್ಟ ಹೆಲಿಕಾಪ್ಟರ್ ಮಾಡಿ ಅಂತ ತಾನು ದುಡಿದ ಕಂಪನಿಗಳಿಗೆಲ್ಲ ಹೇಳಿ ಸಾಕಾಗಿ, 1973ರಲ್ಲಿ ತನ್ನ ಮನೆಯಲ್ಲೇ ಕಂಪನಿ ತೆರೆದ. ಎರಡು ಸೀಟಿನ ಆರ್22 ಮೊದಲು ಹಾರಿದ್ದು 1975ರಲ್ಲಿ, ಪ್ರಮಾಣಪತ್ರ ಬಂದದ್ದು 1979ರಲ್ಲಿ. ಕಾರಿನ ಹಾಗೆ ಜನ ಸ್ವಂತಕ್ಕೆ ಇಟ್ಟುಕೊಳ್ಳಲಿ ಅನ್ನುವುದು ಅವನ ಕನಸು. ಆದದ್ದೇ ಬೇರೆ. ಗಂಟೆಯ ಖರ್ಚು ಕಡಿಮೆ ಅಂತ ತರಬೇತಿ ಶಾಲೆಗಳು ಅದಕ್ಕೆ ಮುಗಿಬಿದ್ದವು. ಸೇನೆಗೆ ಸೇರದೆಯೂ ಸ್ವಂತ ದುಡ್ಡಿನಲ್ಲಿ ಪೈಲಟ್ ಆಗುವ ದಾರಿ ಸಾಮಾನ್ಯರಿಗೆ ತೆರೆದದ್ದು ಬಹುಮಟ್ಟಿಗೆ ಈ ಯಂತ್ರದಿಂದ.

ಯಂತ್ರವೇನೋ ಅಗ್ಗ, ಆದರೆ ಸಾಧು ಅಲ್ಲ. ಅದರ ರೋಟರ್ ತೀರಾ ಹಗುರ. ಎಂಜಿನ್ ನಿಂತರೆ ರೋಟರಿನ ವೇಗ ಸರ್ರನೆ ಇಳಿಯುತ್ತದೆ, ಒಂದೆರಡು ಸೆಕೆಂಡಿನೊಳಗೆ ಕೈಯಲ್ಲಿನ ಲಿವರ್ ಕೆಳಗಿಳಿಸದಿದ್ದರೆ ಮುಗಿಯಿತು. ಸಾಲುಸಾಲು ಅಪಘಾತಗಳ ನಂತರ 1995ರಲ್ಲಿ ಅಲ್ಲಿನ ವಿಮಾನಯಾನ ಆಡಳಿತ ವಿಶೇಷ ನಿಯಮ ತಂದಿತು. ಆರ್22ರಲ್ಲಿ ಪಾಠ ಹೇಳುವವನಿಗೆ ಹೆಲಿಕಾಪ್ಟರಿನಲ್ಲಿ 200 ಗಂಟೆ, ಅದರಲ್ಲಿ 50 ಆರ್22ರಲ್ಲೇ ಆಗಿರಬೇಕು.

ಪಾಠ ಹೇಳುವವನ ಮಾತು ಯಾಕೆ ಬಂತು ಅಂದರೆ, ಸಾವಿರ ಗಂಟೆ ಸೇರಿಸಲು ಹೊಸಬರಿಗೆ ಉಳಿದ ಮುಖ್ಯ ದಾರಿಯೇ ಅದು. ಇನ್ಸ್ಟ್ರಕ್ಟರ್ ಆಗುವುದು! ವಿದ್ಯಾರ್ಥಿ ಹಾರಿಸಿದ ಗಂಟೆ ಗುರುವಿನ ಲಾಗ್‌ಬುಕ್‌ಗೂ ಸೇರುತ್ತದೆ. ಅಂದರೆ ಅತಿ ಕಡಿಮೆ ಅನುಭವ ಇರುವವರ ಪಾಲಿಗೆ ಅತಿ ನಾಜೂಕಿನ ಕೆಲಸ. ಸೇನೆಯಲ್ಲಿ ಹೊಸಬನ ಪಕ್ಕದಲ್ಲಿ ಹಳಬ ಇದ್ದ. ಇಲ್ಲಿ ಹೊಸಬನ ಪಕ್ಕದಲ್ಲಿ ಇನ್ನೂ ಹೊಸಬ. ಸಾವಿರ ಮುಟ್ಟಿದ ದಿನ ಅವನು ಕ್ಯಾನ್ಯನ್ ಕಡೆಗೋ ಕೊಲ್ಲಿಯ ಕಡೆಗೋ ಹೊರಟುಬಿಡುತ್ತಾನೆ. ಕಲಿಸುವುದು ನಿಜವಾಗಿ ಕೈಹತ್ತುವ ಹೊತ್ತಿಗೆ ಸೀಟು ಖಾಲಿ.

ಸ್ವಲ್ಪ ಲೆಕ್ಕ ಹಾಕೋಣ (ಎಂಜಿನಿಯರ್ ಬುದ್ಧಿ, ಕ್ಷಮಿಸಿ :-) ). 200ರಿಂದ 1,000ಕ್ಕೆ ಬೇಕಾದದ್ದು 800 ಗಂಟೆ. ಒಬ್ಬ ವಿದ್ಯಾರ್ಥಿಯ ಇನ್ನೂರು ಗಂಟೆಯಲ್ಲಿ ಗುರುವಿನ ಜೊತೆ ಹಾರುವುದು 150 ಅಂತಿಟ್ಟುಕೊಂಡರೆ, ಒಬ್ಬ ಗುರುವಿಗೆ ಐವರಿಗಿಂತ ಹೆಚ್ಚು ವಿದ್ಯಾರ್ಥಿಗಳು ಬೇಕು. ಆ ಐವರಿಗೆ ಇಪ್ಪತ್ತೈದು, ಅವರಿಗೆ ನೂರಿಪ್ಪತ್ತೈದು. ಹೊಸ ವಿದ್ಯಾರ್ಥಿಗಳ ಸಂಖ್ಯೆ ಹೀಗೆ ಏರುತ್ತಲೇ ಹೋಗಬೇಕು, ಇಲ್ಲವೇ ಐವರಲ್ಲಿ ನಾಲ್ವರು ನಡುವೆ ಎಲ್ಲೋ ಉದುರಬೇಕು. ಯಾರೂ ಮೋಸ ಮಾಡದೆಯೂ ಇದು ಚೈನ್ ಸ್ಕೀಮಿನ ಲೆಕ್ಕ.

2000ದ ದಶಕದಲ್ಲಿ ಈ ಸರಪಳಿಗೆ ಸಾಲದ ದುಡ್ಡು ಬಂದು ಸೇರಿತು. ವಿಯೆಟ್ನಾಂ ತಲೆಮಾರು ನಿವೃತ್ತಿಯ ಹೊಸ್ತಿಲಲ್ಲಿದೆ, ಪೈಲಟ್‌ಗಳಿಗೆ ಬರ ಬರಲಿದೆ ಅಂತ ಶಾಲೆಗಳು ಪ್ರಚಾರ ಮಾಡಿದವು. 1999ರಲ್ಲಿ ನೆವಾಡಾದಲ್ಲಿ ಹುಟ್ಟಿದ ಸಿಲ್ವರ್ ಸ್ಟೇಟ್ ಹೆಲಿಕಾಪ್ಟರ್ಸ್ ಕೆಲವೇ ವರ್ಷಗಳಲ್ಲಿ ಹಲವು ರಾಜ್ಯಗಳಿಗೆ ಹರಡಿತು. ಶುಲ್ಕ ಸುಮಾರು 70,000 ಡಾಲರ್, ಬಹುತೇಕರಿಗೆ ಖಾಸಗಿ ವಿದ್ಯಾರ್ಥಿ ಸಾಲ. 2008ರ ಫೆಬ್ರವರಿ ಮೊದಲ ವಾರ ಶಾಲೆ ಇದ್ದಕ್ಕಿದ್ದಂತೆ ಬಾಗಿಲು ಹಾಕಿ ದಿವಾಳಿ ಅರ್ಜಿ ಹಾಕಿತು. ಸಾಲದ ಮಾರುಕಟ್ಟೆ ಕುಸಿದು ಹೊಸ ವಿದ್ಯಾರ್ಥಿಗಳಿಗೆ ಸಾಲ ಹುಟ್ಟುತ್ತಿಲ್ಲ ಅನ್ನುವುದು ಕಂಪನಿ ಕೊಟ್ಟ ಕಾರಣ. ಮೇಲಿನ ಲೆಕ್ಕ ನೋಡಿದವರಿಗೆ ಇದರಲ್ಲಿ ಆಶ್ಚರ್ಯ ಇಲ್ಲ. ಎರಡು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು ಅರ್ಧ ದಾರಿಯಲ್ಲಿ ನಿಂತರು. ಮಾರನೆಯ ದಿನವೂ ಬಡ್ಡಿ ಮಾತ್ರ ಓಡುತ್ತಿತ್ತು.

ಅವರಲ್ಲಿ ಕೆಲವರು ಸಾಲ ಕೊಟ್ಟ ಬ್ಯಾಂಕಿನ ವಿರುದ್ಧ ಕ್ಯಾಲಿಫೋರ್ನಿಯಾದಲ್ಲಿ ದಾವೆ ಹೂಡಿದರು. ಶಾಲೆಯೇ ಇಲ್ಲವಾದ ಮೇಲೆ ಸಾಲ ಯಾಕೆ ತೀರಿಸಬೇಕು ಅನ್ನುವುದು ಅವರ ವಾದ. ನನಗಂತೂ ನ್ಯಾಯವಾದ ಪ್ರಶ್ನೆ ಅನ್ನಿಸುತ್ತದೆ. 2013ರಲ್ಲಿ ಒಂಬತ್ತನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಆ ಪ್ರಶ್ನೆಗೆ ಉತ್ತರ ಕೊಡಲಿಲ್ಲ. ಸಾಲಪತ್ರದಲ್ಲಿ ಮಧ್ಯಸ್ಥಿಕೆಯ ಷರತ್ತಿಗೆ ಸಹಿ ಹಾಕಿದ್ದೀರಿ, ಅಲ್ಲಿಗೇ ಹೋಗಿ ಅಂದಿತು.

ಆಮೇಲೆ ಖರ್ಚು ಮತ್ತೆ ಸರ್ಕಾರದ ತಲೆಗೆ ಬಂತು, ಈ ಸಲ ಹಿತ್ತಲ ಬಾಗಿಲಿನಿಂದ. 2009ರಿಂದ ಜಾರಿಯಾದ ಮಾಜಿ ಸೈನಿಕರ ಶಿಕ್ಷಣ ಕಾನೂನಿನಲ್ಲಿ ಸರ್ಕಾರಿ ಕಾಲೇಜಿನ ಶುಲ್ಕಕ್ಕೆ ಮಿತಿ ಇರಲಿಲ್ಲ. ಕೆಲವು ಕಾಲೇಜುಗಳು ಖಾಸಗಿ ಹೆಲಿಕಾಪ್ಟರ್ ಶಾಲೆಗಳ ಜೊತೆ ಕೈಜೋಡಿಸಿದವು. ಒಬ್ಬೊಬ್ಬರ ತರಬೇತಿಗೆ ಐದು ಲಕ್ಷ ಡಾಲರ್ ದಾಟಿದ ಉದಾಹರಣೆಗಳನ್ನು 2015ರಲ್ಲಿ ಲಾಸ್ ಏಂಜಲೀಸ್ ಟೈಮ್ಸ್ ಬಯಲಿಗೆಳೆಯಿತು. ಇಲಾಖೆ ಬಿಗಿ ಮಾಡಿತು, ಶಾಲೆಗಳು ಸೊರಗಿದವು.

ಇಷ್ಟಾದ ಮೇಲೆ, 2018ರಲ್ಲಿ, ಉದ್ಯಮದ ಸಂಘ ಮತ್ತು ನಾರ್ತ್ ಡಕೋಟಾ ವಿಶ್ವವಿದ್ಯಾಲಯ ಸೇರಿ ಒಂದು ವರದಿ ತಂದವು: 2036ರ ಹೊತ್ತಿಗೆ ಅಮೆರಿಕದಲ್ಲಿ 7,649 ಹೆಲಿಕಾಪ್ಟರ್ ಪೈಲಟ್‌ಗಳ ಕೊರತೆಯಾಗಲಿದೆಯಂತೆ. ಮುಂದಿನ ವರ್ಷವೇ, ಎಣ್ಣೆ ಬೆಲೆ ಕುಸಿದ ಹೊಡೆತಕ್ಕೆ, ಹಳೆಯ ಪೆಟ್ರೋಲಿಯಂ ಹೆಲಿಕಾಪ್ಟರ್ಸ್ ಕೂಡ ದಿವಾಳಿ ರಕ್ಷಣೆ ಕೇಳಿತು (ಆಮೇಲೆ ಚೇತರಿಸಿಕೊಂಡಿತು ಅನ್ನಿ).

ಅದೇ ಹೊತ್ತಿನಲ್ಲಿ ಪ್ರಾದೇಶಿಕ ವಿಮಾನ ಕಂಪನಿಗಳು ಒಂದು ಹೊಸ ಏರ್ಪಾಡು ಶುರುಮಾಡಿದ್ದವು. ಸೇನೆಯ ಹೆಲಿಕಾಪ್ಟರ್ ಪೈಲಟ್‌ಗಳನ್ನು ಕರೆದು, ವಿಮಾನ ಹಾರಿಸಲು ಬೇಕಾದ ಗಂಟೆಗಳಿಗೆ ತಾವೇ ದುಡ್ಡು ಹಾಕಿ, ಕೆಲಸಕ್ಕೆ ತೆಗೆದುಕೊಳ್ಳುವುದು. ಎಷ್ಟೋ ಜನ ಹೆಲಿಕಾಪ್ಟರ್ ಬಿಟ್ಟು ಆ ಕಡೆ ಹೋದರು. ಅಲ್ಲಿ ಅವರಿಗೆ ಮೊದಲು ಸಿಕ್ಕಿದ್ದು ಕ್ಯಾಪ್ಟನ್ ಪಕ್ಕದ ಸೀಟು, ಸಂಬಳದ ಸಮೇತ.