ಸ್ಫೋಟಕ್ಕೆ ಮೊದಲಿನ ಖಾಲಿ ಕಪಾಟು: ಕ್ರಕಟೋವಾ ಸಸ್ಯಮಾದರಿಗಳ ಪರಿಶೀಲನೆ

1883ರ ಆಗಸ್ಟ್ 27ರ ಸ್ಫೋಟದಲ್ಲಿ ಸುಂದಾ ಜಲಸಂಧಿಯ ಕ್ರಕಟೋವಾ ದ್ವೀಪದ ಮೂರರಲ್ಲಿ ಎರಡು ಪಾಲು ಕಡಲಿನಲ್ಲಿ ಕುಸಿಯಿತು. ಉಳಿದ ರಕಾಟ ಶಿಖರವನ್ನೂ ನೆರೆಯ ಸೆರ್ತುಂಗ್, ಪಂಜಾಂಗ್ ದ್ವೀಪಗಳನ್ನೂ ಬೂದಿ ಮತ್ತು ಪ್ಯೂಮಿಸ್ ಕಲ್ಲು ಮುಚ್ಚಿದವು. ಇಂದು ಸಂರಕ್ಷಿತ ನಿಸರ್ಗಧಾಮವಾಗಿರುವ ಈ ದ್ವೀಪಗಳು, ಬರಡು ನೆಲಕ್ಕೆ ಜೀವ ಮರಳಿದ್ದಕ್ಕೆ ಪ್ರಸಿದ್ಧ ನಿದರ್ಶನ. ಆ ನಿದರ್ಶನ ಎಷ್ಟು ಗಟ್ಟಿ ಎಂಬುದು ಒಣಗಿಸಿಟ್ಟ ಸಸ್ಯಮಾದರಿಗಳನ್ನು ಅವಲಂಬಿಸಿದೆ ಎಂಬುದು ಇಲ್ಲಿನ ವಾದ.

1884ರ ಮೇ ತಿಂಗಳಲ್ಲಿ ದ್ವೀಪಕ್ಕಿಳಿದ ಫ್ರೆಂಚ್ ಪ್ರವಾಸಿ ಎಡ್ಮಂಡ್ ಕೊತ್ತೋ ಕಂಡ ಜೀವಿ ಒಂದೇ ಒಂದು ಜೇಡ. 1886ರಲ್ಲಿ ಬೊಗೋರ್ ಸಸ್ಯೋದ್ಯಾನದ ನಿರ್ದೇಶಕ ಮೆಲ್ಕಿಯೋರ್ ಟ್ರೂಬ್ ಅಲ್ಲಿಂದ ಸಸ್ಯಗಳನ್ನು ಸಂಗ್ರಹಿಸಿ ತಂದರು. ಬೂದಿಯ ಮೇಲೆ ನೀಲಿ-ಹಸಿರು ಪಾಚಿಯ ತೆಳುಪೊರೆ, ಅದರ ಮೇಲೆ 11 ಬಗೆಯ ಜರೀಗಿಡಗಳು ಅವರಿಗೆ ಕಂಡವು. ಹಳೆಯ ಸಸ್ಯವರ್ಗ ಬೇರುಸಹಿತ ಅಳಿದಿದೆ, ಈಗಿನದೆಲ್ಲ ಗಾಳಿ, ಅಲೆ, ಹಕ್ಕಿಗಳು ತಂದದ್ದು ಎಂದು ಅವರು ತೀರ್ಮಾನಿಸಿದರು.

ಇದನ್ನು ಬಲವಾಗಿ ಪ್ರಶ್ನಿಸಿದವರು ಸಸ್ಯವಿಜ್ಞಾನಿ ಸಿ. ಎ. ಬಾಕರ್. 1929ರ ಗ್ರಂಥದಲ್ಲಿ ಅವರು ಎತ್ತಿದ ಆಕ್ಷೇಪ ನೇರವಾದದ್ದು: ಬೇರೋ ಬೀಜವೋ ಎಲ್ಲೂ ಬದುಕುಳಿದಿರಲಿಲ್ಲ ಎಂದು ಯಾರೂ ಸಕಾಲದಲ್ಲಿ ಹುಡುಕಿ ನೋಡಿಲ್ಲ. ಸ್ಫೋಟಕ್ಕೆ ಮೊದಲು ದ್ವೀಪದ ಸಸ್ಯಗಳ ವ್ಯವಸ್ಥಿತ ಸಮೀಕ್ಷೆಯೂ ನಡೆದಿರಲಿಲ್ಲ. ಜೇಮ್ಸ್ ಕುಕ್‌ನ ಹಡಗುಗಳು 1780ರಲ್ಲಿ ಇಲ್ಲಿ ಲಂಗರು ಹಾಕಿದ್ದವು. ಆ ಯಾನದ ಚಿತ್ರಕಾರ ಜಾನ್ ವೆಬ್ಬರ್ ಇಲ್ಲಿನ ಗಿಡಮರಗಳನ್ನು ಚಿತ್ರಿಸಿದ್ದರು. ಆದರೆ ಚಿತ್ರದಿಂದ ಪ್ರಭೇದವನ್ನು ಖಚಿತಪಡಿಸುವುದು ಕಷ್ಟ. ಬಾಕರ್ ಮಾತು ಕಟುವಾಗಿದ್ದರೂ ಅವರ ತರ್ಕ ಸರಿಯಾದದ್ದೆಂದೇ ನನ್ನ ಅಭಿಪ್ರಾಯ. ಸರ್ವನಾಶದ ಸಾಧ್ಯತೆ ಬಹಳ ಹೆಚ್ಚು, ನಿಜ. ಆದರೆ ಹಳೆಯ ಸಸ್ಯಗಳ ಮಾದರಿ ಕೈಯಲ್ಲಿಲ್ಲದೆ, ಬಂದದ್ದು ಯಾವುದು, ಉಳಿದದ್ದು ಯಾವುದು ಎಂದು ಬೇರ್ಪಡಿಸಲಾಗದು.

ಸ್ಫೋಟದ ನಂತರದ ಸಂಗ್ರಹ ಹಾಗಲ್ಲ. ಡಾಕ್ಟರ್ಸ್ ವಾನ್ ಲ್ಯೂವೆನ್ 1936ರಲ್ಲಿ ಐವತ್ತು ವರ್ಷಗಳ ಸಸ್ಯಚರಿತ್ರೆ ಬರೆದರು. ಡ್ಯಾಮರ್‌ಮನ್ 1948ರಲ್ಲಿ ಪ್ರಾಣಿಗಳದ್ದನ್ನು ಪ್ರಕಟಿಸಿದರು. ಮ್ಯಾಕ್‌ಆರ್ಥರ್ ಮತ್ತು ವಿಲ್ಸನ್, ದ್ವೀಪಕ್ಕೆ ಬರುವ ಮತ್ತು ಅಲ್ಲಿ ಅಳಿಯುವ ಪ್ರಭೇದಗಳನ್ನು ಲೆಕ್ಕ ಹಾಕುವ ತಮ್ಮ ದ್ವೀಪ ಜೀವಭೂಗೋಳ ಸಿದ್ಧಾಂತಕ್ಕೆ ಈ ದತ್ತಾಂಶವನ್ನು ಬಳಸಿದರು. ಇಲ್ಲಿ ಎಚ್ಚರ ಬೇಕು. ಮುಂದಿನ ಪಟ್ಟಿಯಲ್ಲಿ ಹೆಸರಿಲ್ಲದ ಗಿಡ ಅಳಿದಿರಬಹುದು, ಶೋಧಕರ ಕಣ್ಣು ತಪ್ಪಿರಬಹುದು, ಮೊದಲೇ ತಪ್ಪಾಗಿ ಗುರುತಾಗಿರಬಹುದು. ಈ ಕೊನೆಯ ಸಂಶಯ ಬಗೆಹರಿಯಲು ಮಾದರಿಯೇ ಬೇಕು: ಸ್ಥಳ, ದಿನಾಂಕ, ಸಂಗ್ರಾಹಕರ ಹೆಸರಿನ ಚೀಟಿ ಅಂಟಿಸಿದ ಹಾಳೆಯನ್ನು ನೂರು ವರ್ಷಗಳ ಮೇಲೂ ತೆರೆದು ಮರುಪರೀಕ್ಷಿಸಬಹುದು.

1927ರಲ್ಲಿ ಚಟುವಟಿಕೆ ತೋರಿ ಕಡಲಿನಿಂದ ಮೇಲೆದ್ದ ಹೊಸ ಜ್ವಾಲಾಮುಖಿ ದ್ವೀಪ ಅನಾಕ್ ಕ್ರಕಟೋವಾ 2018ರ ಡಿಸೆಂಬರ್ 22ರಂದು ಭಾಗಶಃ ಕುಸಿದು ಸುನಾಮಿ ಎಬ್ಬಿಸಿತು. ಈ ಬಾರಿ ಕುಸಿತಕ್ಕೆ ಮೊದಲಿನ ಸಸ್ಯಸಮೀಕ್ಷೆಗಳಿವೆ. ಬಾಕರ್ ಕೇಳಿದ ಹೋಲಿಕೆಯನ್ನು ಅಲ್ಲಿ ಮಾಡಬಹುದು.